ಎಲ್ಲೆಡೆ ಇರುವ ಗಿಡಕ್ಕೆ ವಿಳಾಸವಿಲ್ಲ

ಒಂದು ನಾಚಿಕೆಮುಳ್ಳಿನ ಗಿಡ ವರ್ಷಕ್ಕೆ ಸುಮಾರು 675 ಬೀಜ ಕಟ್ಟುತ್ತದೆ. ಜಗತ್ತಿನ ಕಳೆಗಿಡಗಳ ಬಗ್ಗೆ ಬರೆದವರು ಮತ್ತೆ ಮತ್ತೆ ಎತ್ತಿ ಹೇಳುವ ಸಂಖ್ಯೆ ಇದು. ಕಳೆಗಳ ಲೋಕದಲ್ಲಿ ಇದು ಶುದ್ಧ ಜಿಪುಣತನ. ತೋಟದ ಅಂಚಿನಲ್ಲಿ ತಿಳಿನೇರಳೆ ಹೂ ಬಿಡುವ ಅಜೆರೇಟಮ್ ಗಿಡವೊಂದು 40,000 ಬೀಜದವರೆಗೂ ಉದುರಿಸಬಲ್ಲದು. ಕಾಂಗ್ರೆಸ್ ಗಿಡದ್ದು 15ರಿಂದ 25 ಸಾವಿರ. ಕಾಡಂಚನ್ನೆಲ್ಲ ನುಂಗಿರುವ ಯುಪಟೋರಿಯಂ 80,000ಕ್ಕೂ ಹೆಚ್ಚು ಬೀಜವನ್ನು ಗಾಳಿಗೆ ತೂರೀತು. ಇವುಗಳ ಮುಂದೆ 675 ಯಾವ ಲೆಕ್ಕ?

ಆದರೂ ಈ ಜಿಪುಣನ ಲೆಕ್ಕವನ್ನೇ ಉತ್ತರ ಕನ್ನಡ ಜಿಲ್ಲೆಯ ಶಿರಸಿ, ಸಿದ್ದಾಪುರ, ಯಲ್ಲಾಪುರಗಳಿಗೆ ಹಚ್ಚಿ ನೋಡೋಣ. ಮೂರೂ ತಾಲೂಕು ಸೇರಿದರೆ ಹೆಚ್ಚುಕಡಿಮೆ 3,500 ಚದರ ಕಿಲೋಮೀಟರ್. ಬಹುಪಾಲು ಕಾಡು. ದಟ್ಟ ನೆರಳಿನಲ್ಲಿ ನಾಚಿಕೆಮುಳ್ಳು ಏಳುವುದಿಲ್ಲ, ಅದಕ್ಕೆ ಬಿಸಿಲು ಬೇಕು. ಹಾಗಾಗಿ ನೂರರಲ್ಲಿ 99 ಪಾಲು ನೆಲವನ್ನು ಲೆಕ್ಕದಿಂದ ತೆಗೆದೇ ಬಿಡೋಣ. ಉಳಿದ ಒಂದು ಪಾಲು ಎಂದರೆ 35 ಚದರ ಕಿಲೋಮೀಟರ್: ರಸ್ತೆಯ ಬದಿ, ಬೇಣದ ಹುಲ್ಲುನೆಲ, ಶಾಲೆಯ ಮೈದಾನ, ಗದ್ದೆಯ ಬದು, ಮನೆಯ ಅಂಗಳದಾಚೆಯ ಇಳಿಜಾರು. ಅಲ್ಲಿಯೂ ಧಾರಾಳ ಬೇಡ. ಹತ್ತು ಚದರ ಮೀಟರಿಗೆ ಒಂದೇ ಒಂದು ಗಿಡ ಎಂದು ಹಿಡಿಯೋಣ. ಮಳೆಗಾಲ ಮುಗಿದ ಮೇಲೆ ಈ ಸೀಮೆಯ ಯಾವುದೇ ಬೇಣದ ಮೇಲೆ ಬರಿಗಾಲಲ್ಲಿ ನಡೆದವರು ಈ ಅಂದಾಜಿಗೆ ನಕ್ಕಾರು. ನಗಲಿ. ಇಷ್ಟು ಕೈಬಿಗಿ ಹಿಡಿದ ಮೇಲೂ ಗಿಡಗಳ ಸಂಖ್ಯೆ 35 ಲಕ್ಷಕ್ಕೆ ಬಂದು ನಿಲ್ಲುತ್ತದೆ. ಬೀಜ ವರ್ಷಕ್ಕೆ 236 ಕೋಟಿ.

ಇಡೀ ಭಾರತದ ಜನಸಂಖ್ಯೆ 140 ಕೋಟಿಯ ಆಸುಪಾಸಿನಲ್ಲಿದೆ. ಮೂರು ತಾಲೂಕಿನ ಜನರೆಲ್ಲ ಸೇರಿದರೆ, 2011ರ ಜನಗಣತಿಯ ಪ್ರಕಾರ, ಸುಮಾರು 3.6 ಲಕ್ಷ. ಅಂದರೆ ಹಸುಗೂಸಿನಿಂದ ಹಿಡಿದು ಅಜ್ಜಿಯವರೆಗೆ ತಲೆಗೆ ಆರೂವರೆ ಸಾವಿರ ಬೀಜ, ಪ್ರತಿ ವರ್ಷ. ಅಂದಾಜು ನನ್ನದು, ಗುಣಾಕಾರ ಯಾರು ಬೇಕಾದರೂ ಮಾಡಿ ನೋಡಬಹುದು. ಹತ್ತು ಚದರ ಮೀಟರಿಗೆ ಒಂದರ ಬದಲು ಐದು ಗಿಡ ಎನ್ನುವವರು ಉತ್ತರವನ್ನು ಐದರಿಂದ ಗುಣಿಸಿಕೊಳ್ಳಲಿ.

ಬೀಜದ ಆಯಸ್ಸು ಕೇಳಿದರೆ ಬೆಚ್ಚಬೇಕು. ಕೋಣೆಯ ಸಾಮಾನ್ಯ ಉಷ್ಣತೆಯಲ್ಲಿ 19 ವರ್ಷ ಇಟ್ಟಿದ್ದ ನಾಚಿಕೆಮುಳ್ಳಿನ ಬೀಜಗಳಲ್ಲಿ ನೂರಕ್ಕೆ ಎರಡು ಮೊಳೆತ ದಾಖಲೆಯಿದೆ. ಎರಡು ಎಂದರೆ ಏನೂ ಅಲ್ಲ ಅನ್ನಿಸೀತು. ಮೇಲಿನ 236 ಕೋಟಿಗೆ ಆ ಎರಡನ್ನು ಹಚ್ಚಿದರೆ ನಾಲ್ಕು ಕೋಟಿ 70 ಲಕ್ಷ. ಮಣ್ಣು ಕೋಣೆಯಲ್ಲ, ಅಲ್ಲಿ ಇರುವೆಯಿದೆ, ಬೂಷ್ಟಿದೆ, ಕೊಳೆಸುವ ಮಳೆಯಿದೆ, ಅಷ್ಟೂ ಉಳಿಯುವುದಿಲ್ಲ. ಆದರೆ ಒಂದು ವರ್ಷ ಬೇರು ಸಹಿತ ಕಿತ್ತು ಸುಟ್ಟ ಜಾಗದಲ್ಲಿ ಮರುವರ್ಷ ಮತ್ತೆ ಅದೇ ಮುಳ್ಳು ಯಾಕೆ ಏಳುತ್ತದೆ ಎಂಬ ತೋಟಿಗರ ಪ್ರಶ್ನೆಗೆ ಉತ್ತರ ಈ ಲೆಕ್ಕದಲ್ಲಿದೆ.

ಗಿಡವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಒಂದು ತೊಟ್ಟಿನ ತುದಿಯಲ್ಲಿ ಸಾಮಾನ್ಯವಾಗಿ ನಾಲ್ಕು ಕವಲು. ಒಂದೊಂದು ಕವಲಿನಲ್ಲೂ ಹತ್ತರಿಂದ ಇಪ್ಪತ್ತೈದು ಜೊತೆ ಕಿರಿಯೆಲೆ. ಇಪ್ಪತ್ತು ಜೊತೆ ಎಂದುಕೊಂಡರೂ ನಾವು ಎಲೆ ಎಂದು ಕರೆಯುವ ಆ ಒಂದರಲ್ಲಿ 160 ಕಿರಿಯೆಲೆಗಳಿವೆ. ಬೆರಳು ತಾಗಿದ ಸುದ್ದಿ ಅವುಗಳ ನಡುವೆ ಸೆಕೆಂಡಿಗೆ ಎರಡು ಮೂರು ಸೆಂಟಿಮೀಟರಿನಂತೆ ಓಡುತ್ತದೆ. ಕಿರಿಯೆಲೆಯ ಬುಡದಲ್ಲಿ ಉಬ್ಬಿದ ಒಂದು ಗಂಟಿದೆ. ಸುದ್ದಿ ಮುಟ್ಟಿದೊಡನೆ ಗಂಟಿನ ಒಂದು ಬದಿಯ ಜೀವಕೋಶಗಳು ನೀರು ಬಿಟ್ಟುಕೊಡುತ್ತವೆ, ಬಿಗುವು ಸಡಿಲಿ ಎಲೆ ಮಡಚುತ್ತದೆ. ಜಗದೀಶಚಂದ್ರ ಬೋಸರು ಇದನ್ನು ವಿದ್ಯುತ್ ಸಂಕೇತವೆಂದು ಅಳೆದು ತೋರಿಸಿದ್ದು ನೂರು ವರ್ಷಕ್ಕೂ ಹಿಂದೆ. ಜಪಾನಿನ ವಿಜ್ಞಾನಿಗಳು 2022ರಲ್ಲಿ ಎಲೆಯೊಳಗೆ ಕ್ಯಾಲ್ಸಿಯಂ ಅಲೆ ಓಡುವುದನ್ನು ಹೊಳೆಯುವಂತೆ ಮಾಡಿ ಚಿತ್ರ ತೆಗೆದರು. ಎಲೆ ಮಡಚಲಾಗದ ಗಿಡಗಳನ್ನು ಮಿಡತೆಗಳು ಹೆಚ್ಚು ತಿಂದವು ಎಂಬುದನ್ನೂ ತೋರಿಸಿದರು. ನಾಚಿಕೆ ಎಂದು ನಾವು ಹೆಸರಿಟ್ಟಿದ್ದು ಅದರ ಮಟ್ಟಿಗೆ ಹೊಟ್ಟೆಪಾಡಿನ ಜಾಣತನ.

ಹೂವಿನದ್ದು ಇನ್ನೊಂದು ಬಗೆ. ಗುಲಾಬಿ ಬಣ್ಣದ ಆ ಪುಟ್ಟ ಚೆಂಡು ಒಂದೇ ಹೂವಲ್ಲ, ಹತ್ತಾರು ಹೂಗಳ ಸಂತೆ. ನಮಗೆ ಕಾಣುವ ಬಣ್ಣವೆಲ್ಲ ಕೇಸರದ ಎಳೆಗಳದ್ದು. ಹೂವೊಂದಕ್ಕೆ ನಾಲ್ಕು ಎಳೆ. ಅವುಗಳ ತುದಿಯಲ್ಲಿರುವ ಪರಾಗದ ಕಣ ನಾಲ್ಕು ನಾಲ್ಕರ ಗುಂಪಾಗಿ ಅಂಟಿಕೊಂಡಿರುತ್ತದೆ. ಆ ಇಡೀ ಗುಂಪಿನ ಅಗಲ ಎಂಟು ಮೈಕ್ರಾನಿನ ಆಸುಪಾಸು. ಒಂದು ಮಿಲಿಮೀಟರ್ ಉದ್ದಕ್ಕೆ ಅಂಥ 125 ಗುಂಪುಗಳನ್ನು ಸಾಲಾಗಿ ಕೂರಿಸಬಹುದು. ಹೂಬಿಡುವ ಗಿಡಗಳಲ್ಲೇ ಅತಿ ಸಣ್ಣ ಪರಾಗ ಇರುವವುಗಳ ಪಟ್ಟಿಯಲ್ಲಿ ನಾಚಿಕೆಮುಳ್ಳಿಗೆ ಖಾಯಂ ಜಾಗವಿದೆ.

ಆಮೇಲೆ ಕಾಯಿ. ಒಂದೆರಡು ಸೆಂಟಿಮೀಟರ್ ಉದ್ದ, ಅಂಚಿಗೆಲ್ಲ ಬಿರುಸು ಕೂದಲು. ಬಲಿತ ಮೇಲೆ ಅದು ತುಂಡು ತುಂಡಾಗಿ ಕಳಚುತ್ತದೆ, ತುಂಡಿಗೊಂದು ಬೀಜ. ದನದ ಕಾಲಿಗೆ, ನಾಯಿಯ ಬಾಲಕ್ಕೆ, ಪಂಚೆಯ ಅಂಚಿಗೆ ಅಂಟಿಕೊಂಡು ಹೊರಡಲು ಇಷ್ಟು ಸಾಕು. ಘಟ್ಟದ ಮೇಲಿನ ಈ ತಾಲೂಕುಗಳಲ್ಲಿ ಎಕರೆ ಅಡಿಕೆ ತೋಟಕ್ಕೆ ಒಂಬತ್ತು ಎಕರೆ ಸೊಪ್ಪಿನ ಬೆಟ್ಟ ಎಂಬುದು ಬ್ರಿಟಿಷರ ಕಾಲದಿಂದ ಬಂದ ಕ್ರಮ. ಬೆಟ್ಟದ ಸೊಪ್ಪು ಕೊಟ್ಟಿಗೆಗೆ, ಕೊಟ್ಟಿಗೆಯ ಗೊಬ್ಬರ ತೋಟಕ್ಕೆ, ದನ ಮತ್ತೆ ಬೇಣಕ್ಕೆ. ಬೀಜವೊಂದು ಊರು ಸುತ್ತಬೇಕೆಂದರೆ ಇದಕ್ಕಿಂತ ಒಳ್ಳೆಯ ಏರ್ಪಾಡು ಯಾರೂ ಮಾಡಿಕೊಡಲಾರರು.

ಇಷ್ಟೆಲ್ಲ ಆದರೂ ಇದು ಈ ಮಣ್ಣಿನ ಗಿಡವಲ್ಲ. ಕಾರ್ಲ್ ಲಿನೆಯಸ್ 1753ರಲ್ಲಿ ‘ಸ್ಪೀಶೀಸ್ ಪ್ಲಾಂಟೇರಮ್’ ಗ್ರಂಥದಲ್ಲಿ ಇದಕ್ಕೆ ಮಿಮೋಸಾ ಪುಡಿಕಾ ಎಂದು ಹೆಸರಿಟ್ಟಾಗ ಅದರ ಊರು ಬ್ರೆಜಿಲ್ ಎಂದು ಬರೆದ. ಬ್ರಿಟಿಷ್ ಇಂಡಿಯಾದ ಸಸ್ಯಗಳನ್ನೆಲ್ಲ ಪಟ್ಟಿ ಮಾಡಿದ ಜೋಸೆಫ್ ಹೂಕರ್ ಅವರ ಗ್ರಂಥಮಾಲೆಯ ಎರಡನೇ ಸಂಪುಟದಲ್ಲಿ, 1878ರ ಹೊತ್ತಿಗೆ, ಇದು ಹಾಜರಿ ಹಾಕಿಯಾಗಿತ್ತು. ಬ್ರೆಜಿಲಿನಿಂದ ಭಾರತಕ್ಕೆ ಬಂದಿದ್ದು ಸರಿ. ಘಟ್ಟ ಹತ್ತಿ ಶಿರಸಿಗೆ ಬಂದದ್ದು ಯಾವಾಗ? ಯಲ್ಲಾಪುರದ ಬೇಣಕ್ಕೆ ಮೊದಲೋ, ಸಿದ್ದಾಪುರದ ಗದ್ದೆಬದುವಿಗೆ ಮೊದಲೋ? ಇಂಥ ಪ್ರಶ್ನೆಗೆ ಉತ್ತರ ಹುಡುಕಲು ಜಗತ್ತಿನಲ್ಲಿ ಇರುವುದು ಒಂದೇ ಜಾಗ, ಹರ್ಬೇರಿಯಂ.

ಹರ್ಬೇರಿಯಂ ಎಂದರೆ ಒಣಗಿಸಿದ ಗಿಡಗಳ ಉಗ್ರಾಣ. ಸುಮಾರು 42 ಸೆಂಟಿಮೀಟರ್ ಉದ್ದ, 28 ಸೆಂಟಿಮೀಟರ್ ಅಗಲದ ದಪ್ಪ ಹಾಳೆ, ಅದರ ಮೇಲೆ ಒತ್ತಿ ಒಣಗಿಸಿ ಹೊಲಿದ ಅಥವಾ ಅಂಟಿಸಿದ ಗಿಡ, ಬಲಗಡೆ ಕೆಳಮೂಲೆಯಲ್ಲಿ ಒಂದು ಚೀಟಿ. ಚೀಟಿಯಲ್ಲಿ ಹೆಸರು, ಊರು, ತಾರೀಕು, ಸಂಗ್ರಹಿಸಿದವರು, ಸಂಗ್ರಹದ ಸಂಖ್ಯೆ. ಇಟಲಿಯಲ್ಲಿ 16ನೇ ಶತಮಾನದಲ್ಲಿ ಲೂಕಾ ಗಿನಿ ಎಂಬ ವೈದ್ಯ ತನ್ನ ವಿದ್ಯಾರ್ಥಿಗಳಿಗೆ ಕಲಿಸಿಕೊಟ್ಟ ಈ ಪದ್ಧತಿ ಐನೂರು ವರ್ಷವಾಗುತ್ತ ಬಂದರೂ ಬಹುಮಟ್ಟಿಗೆ ಹಾಗೇ ಉಳಿದಿದೆ.

ಇಂದು ಜಗತ್ತಿನಲ್ಲಿ ಲೆಕ್ಕಕ್ಕೆ ಸಿಕ್ಕ ಹರ್ಬೇರಿಯಂಗಳು 3,500ಕ್ಕೂ ಹೆಚ್ಚು. ಅವುಗಳಲ್ಲಿರುವ ಮಾದರಿಗಳು 39 ಕೋಟಿಗೂ ಮಿಕ್ಕಿ. ಲಂಡನ್ನಿನ ಕ್ಯೂ ಉದ್ಯಾನದಲ್ಲಿ 70 ಲಕ್ಷ, ಪ್ಯಾರಿಸ್ಸಿನಲ್ಲಿ 80 ಲಕ್ಷ, ನಮ್ಮ ಹೌರಾದ ಕೇಂದ್ರ ರಾಷ್ಟ್ರೀಯ ಹರ್ಬೇರಿಯಂನಲ್ಲಿ ಸುಮಾರು 20 ಲಕ್ಷ. ಗಿಡ ಸಮೇತ ಒಂದು ಹಾಳೆಯ ದಪ್ಪ ಒಂದು ಮಿಲಿಮೀಟರ್ ಎಂದಿಟ್ಟುಕೊಂಡು ಜಗತ್ತಿನ ಅಷ್ಟೂ ಹಾಳೆಗಳನ್ನು ಒಂದರ ಮೇಲೊಂದು ಪೇರಿಸಿದರೆ ರಾಶಿಯ ಎತ್ತರ 390 ಕಿಲೋಮೀಟರ್ ದಾಟುತ್ತದೆ. ರಾತ್ರಿ ಊಟ ಮುಗಿಸಿ ಶಿರಸಿಯಲ್ಲಿ ಬಸ್ಸು ಹತ್ತಿದವರು ಬೆಳಗಾಗುವಾಗ ಬೆಂಗಳೂರಿನ ಮೆಜೆಸ್ಟಿಕ್‌ನಲ್ಲಿ ಇಳಿಯುತ್ತಾರಲ್ಲ, ಹೆಚ್ಚುಕಡಿಮೆ ಅಷ್ಟು ದೂರ, ನೆಟ್ಟಗೆ ಮೇಲಕ್ಕೆ.

ಈ ಗೋಪುರದಲ್ಲಿ ನಮ್ಮ ಮೂರು ತಾಲೂಕಿನ ನಾಚಿಕೆಮುಳ್ಳಿಗೆ ಎಷ್ಟು ಜಾಗ ಸಿಕ್ಕೀತು? ಉದಾರವಾಗಿ ನೂರು ಹಾಳೆ ಎಂದೇ ಇಟ್ಟುಕೊಳ್ಳಿ. ನೂರು ಹಾಳೆ ಎಂದರೆ ಹತ್ತು ಸೆಂಟಿಮೀಟರ್. ಅಷ್ಟಾದರೂ 35,000 ಗಿಡಗಳಿಗೆ ಒಂದು ಹಾಳೆ, ಅದೂ ಒಂದೇ ವರ್ಷದ ಗಿಡಗಳನ್ನು ಎಣಿಸಿದರೆ.

ಹಾಗೆಂದು ಈ ಸೀಮೆಗೆ ಗಿಡ ಹುಡುಕುವವರು ಬರಲಿಲ್ಲ ಎಂದು ಹೇಳುವಂತಿಲ್ಲ. ಬಂದವರು ಸಾಮಾನ್ಯರೂ ಅಲ್ಲ. ಟಿಪ್ಪು ಸುಲ್ತಾನ್ ಸತ್ತ ಮರುವರ್ಷ ಮದರಾಸಿನಿಂದ ಹೊರಟ ಡಾಕ್ಟರ್ ಫ್ರಾನ್ಸಿಸ್ ಬುಕಾನನ್ 1801ರ ಮಾರ್ಚಿನಲ್ಲಿ ಕರಾವಳಿಯಿಂದ ಘಟ್ಟ ಹತ್ತಿ ಯಲ್ಲಾಪುರ, ಸೋಂದಾ, ಶಿರಸಿ, ಬನವಾಸಿ ಎಂದು ನಡೆದ. ಆತ ಸ್ವತಃ ಸಸ್ಯಶಾಸ್ತ್ರ ಬಲ್ಲವ. 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟವಾಗಿ ಅಚ್ಚಾದ ಅವನ ಪ್ರವಾಸಕಥನದಲ್ಲಿ ಹವ್ಯಕರ ತೋಟ, ಅಡಿಕೆ, ಕಾಳುಮೆಣಸು, ಕಂದಾಯ ಎಲ್ಲವೂ ವಿವರವಾಗಿ ಬರುತ್ತವೆ. ಕಂಪನಿ ಸರ್ಕಾರಕ್ಕೆ ಬೇಕಾಗಿದ್ದೂ ಅದೇ.

ಉತ್ತರ ಕನ್ನಡ 1862ರಲ್ಲಿ ಮದರಾಸು ಪ್ರಾಂತ್ಯದಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿತು. ಗಿಡಗಳ ದಫ್ತರವೂ ಅದರ ಜೊತೆ ದಿಕ್ಕು ಬದಲಿಸಿತು. ಥಿಯೊಡೋರ್ ಕುಕ್ ಅವರ ‘ಮುಂಬಯಿ ಪ್ರಾಂತ್ಯದ ಸಸ್ಯಕೋಶ’ 1901ರಿಂದ 1908ರವರೆಗೆ ಕಂತು ಕಂತಾಗಿ ಹೊರಬಂತು. ಅರಣ್ಯಾಧಿಕಾರಿ ಟಾಲ್ಬಟ್ ಉತ್ತರ ಕನ್ನಡದ ಕಾಡುಗಳಲ್ಲಿ ವರ್ಷಗಟ್ಟಲೆ ತಿರುಗಿ 1909 ಮತ್ತು 1911ರಲ್ಲಿ ಎರಡು ದೊಡ್ಡ ಸಂಪುಟಗಳ ಅರಣ್ಯ ಸಸ್ಯಕೋಶ ತಂದರು. ಅವರ ಕಣ್ಣು ಮರದ ಮೇಲೆ. ನಾಟಾ ಆಗುವ ಮರ, ಪೊದೆ, ಹಂಬು. ಆಮೇಲೆ ಬಂದವರು ಐಸಿಎಸ್ ಅಧಿಕಾರಿ ಸೆಜ್‌ವಿಕ್ ಮತ್ತು ಅರಣ್ಯ ಇಲಾಖೆಯ ಬೆಲ್. ಬೆಲ್ ಚಿಟ್ಟೆಗಳ ಹುಚ್ಚಿನವರು, ನಿವೃತ್ತರಾದ ಮೇಲೂ ಕಾರವಾರ ಬಿಡಲಿಲ್ಲ. ಇಬ್ಬರೂ ಸೇರಿ ಮೊದಲ ಮಹಾಯುದ್ಧದ ಕೊನೆಯ ವರ್ಷಗಳಲ್ಲಿ ಜಿಲ್ಲೆಯ ಗಿಡಗಳನ್ನು ಭರದಿಂದ ಸಂಗ್ರಹಿಸಿದರು. ಈಗ ಅವರ ಹಾಳೆಗಳನ್ನು ನೋಡಬೇಕೆಂದರೆ ಮುಂಬಯಿಯ ಸೇಂಟ್ ಝೇವಿಯರ್ಸ್ ಕಾಲೇಜಿನ ಬ್ಲಾಟರ್ ಹರ್ಬೇರಿಯಂಗೆ ಹೋಗಬೇಕು. ಶಿರಸಿಯ ಕಾಡಿನ ಎಲೆ ಮುಂಬಯಿಯ ಕಪಾಟಿನಲ್ಲಿ, ಅದರ ಜೊತೆಯದು ಕ್ಯೂನಲ್ಲಿ.

ಸೆಜ್‌ವಿಕ್ ಮತ್ತು ಬೆಲ್ 1919ರಲ್ಲಿ ಜೋಗದ ಜಲಪಾತದ ತುಂತುರು ಬೀಳುವ ಬಂಡೆಗಳಲ್ಲಿ ಒಂದು ಹುಲ್ಲು ಕಿತ್ತರು. ಸಿದ್ದಾಪುರ ತಾಲೂಕಿನ ಅಂಚು ಅದು, ಆಚೆ ದಡ ಸಾಗರ. ಹುಲ್ಲು ಹಾಳೆಯ ಮೇಲೆ ಹೋಯಿತು, ಹಾಳೆ ಕಪಾಟಿಗೆ ಹೋಯಿತು, ಮೂವತ್ತು ವರ್ಷ ಹೆಸರಿಲ್ಲದೆ ಮಲಗಿತು. 1950ರ ಹೊತ್ತಿಗೆ ಹುಲ್ಲುಗಳ ತಜ್ಞ ಬೋರ್ ಅದಕ್ಕೆ ಹಬ್ಬಾರ್ಡಿಯಾ ಹೆಪ್ಟಾನ್ಯೂರಾನ್ ಎಂದು ಹೆಸರಿಟ್ಟರು. ಬರೀ ಹೊಸ ಪ್ರಭೇದವೇ ಆಗಿರಲಿಲ್ಲ, ಅದರ ಕುಲವೂ ಹೊಸದು. ಅಷ್ಟರಲ್ಲಿ ಶರಾವತಿಯ ನೀರು ವಿದ್ಯುತ್ತಿಗೆ ತಿರುಗಿತ್ತು, ಜೋಗದ ತುಂತುರು ಕುಗ್ಗಿತ್ತು. ಎಷ್ಟು ಹುಡುಕಿದರೂ ಹುಲ್ಲು ಮತ್ತೆ ಸಿಗದೆ ಅಳಿದುಹೋದವುಗಳ ಪಟ್ಟಿ ಸೇರಿತು. ಕೊನೆಗೆ 2002ರಲ್ಲಿ ಮಹಾರಾಷ್ಟ್ರದ ತಿಲ್ಲಾರಿಯ ಬಂಡೆಗಳ ಮೇಲೆ ಕೊಲ್ಹಾಪುರದ ಸಸ್ಯಶಾಸ್ತ್ರಜ್ಞರ ಕಣ್ಣಿಗೆ ಬಿತ್ತು. ನಡುವಿನ 83 ವರ್ಷ ಆ ಹುಲ್ಲಿನ ಅಸ್ತಿತ್ವಕ್ಕೆ ಸಾಕ್ಷಿ ಹೇಳಿದ್ದು 1919ರ ಆ ಒಂದು ಸಂಗ್ರಹ.

ಸಿದ್ದಾಪುರ ತಾಲೂಕಿನದೇ ಇನ್ನೊಂದು ಸಂಗತಿ. ಕತ್ತಲೆಕಾನಿನ ರಾಮಪತ್ರೆ ಜಡ್ಡಿಯಲ್ಲಿ, ಅಂದರೆ ಜೌಗು ಕಾಡಿನಲ್ಲಿ, ಸಿಕ್ಕ ಗೇರಿನ ಕುಟುಂಬದ ಮರವೊಂದಕ್ಕೆ 2000ದಲ್ಲಿ ಸೆಮಿಕಾರ್ಪಸ್ ಕತ್ತಲೆಕಾನೆನ್ಸಿಸ್ ಎಂದು ನಾಮಕರಣವಾಯಿತು. ಬೆರಳೆಣಿಕೆಯ ಜಡ್ಡಿಗಳಲ್ಲಿ ಮಾತ್ರ ಇರುವ ಮರ. ಆದರೆ ಅದು ಎಲ್ಲಿದೆ, ಯಾವ ಹಳ್ಳದ ಬದಿಗಿದೆ, ಮೊದಲು ಕಂಡವರು ಯಾರು, ಎಲ್ಲಕ್ಕೂ ದಾಖಲೆಯಿದೆ. ಶಿರಸಿಯ ಅರಣ್ಯ ಮಹಾವಿದ್ಯಾಲಯದವರು ಅದರ ಮೇಲೆ ಸಂಶೋಧನೆ ಮಾಡಿದ್ದಾರೆ. ಸಂತೋಷ. ಅಪರೂಪದ ಮರದ ವಿಳಾಸ ನಮಗೆ ಗೊತ್ತು.

ಸಸ್ಯಕೋಶಗಳ ಪುಟ ತಿರುವಿದವರಿಗೆ ಈ ತಾರತಮ್ಯ ಕಣ್ಣಿಗೆ ಹೊಡೆಯುತ್ತದೆ. ಅಪರೂಪದ ಗಿಡ ಬಂದರೆ ಊರು, ಘಟ್ಟ, ತಾರೀಕು, ಸಂಗ್ರಾಹಕರ ಹೆಸರು, ಸಂಖ್ಯೆ ಎಲ್ಲವೂ ಸಾಲುಗಟ್ಟುತ್ತವೆ. ಕಳೆ ಬಂದರೆ ‘ಎಲ್ಲೆಡೆ ಸಾಮಾನ್ಯ’ ಎಂದು ಬರೆದು ಮುಂದಿನ ಗಿಡಕ್ಕೆ ಹೋಗುತ್ತಾರೆ. ಬರೆದವರನ್ನು ದೂರುವಂತೆಯೂ ಇಲ್ಲ. ಬಿಳಿಚಿದ ಬೆಳಕಿನಲ್ಲಿ, ಇಂಬಳದ ಕಾಟದಲ್ಲಿ ದಿನಕ್ಕೆ ಇಪ್ಪತ್ತು ಮೂವತ್ತು ಗಿಡ ಒತ್ತಿ, ರಾತ್ರಿ ಪ್ರವಾಸಿ ಬಂಗಲೆಯಲ್ಲಿ ಒದ್ದೆ ಕಾಗದ ಬದಲಿಸುವವರು ಬಂಗಲೆಯ ಅಂಗಳದ ನಾಚಿಕೆಮುಳ್ಳಿಗೆ ಹಾಳೆ ಖರ್ಚು ಮಾಡಿಯಾರೇ? ಹೊಸ ಪ್ರಭೇದ ಸಿಕ್ಕರೆ ಹೆಸರು ಉಳಿಯುತ್ತದೆ. ಮುಟ್ಟಿದರೆ ಮುನಿ ತಂದು ಕೊಟ್ಟವರನ್ನು ಯಾರು ನೆನೆಯುತ್ತಾರೆ?

ಇದು ನಮ್ಮ ಜಿಲ್ಲೆಯ ಕಥೆ ಮಾತ್ರವಲ್ಲ. ಹೊಸ ಪ್ರಭೇದಗಳಿಗೆ ಆಧಾರವಾದ ಮೂಲ ಮಾದರಿಗಳನ್ನು ಯಾರು ಸಂಗ್ರಹಿಸಿದರು ಎಂದು 2012ರಲ್ಲಿ ಲೆಕ್ಕ ಹಾಕಿದಾಗ ಅರ್ಧಕ್ಕೂ ಹೆಚ್ಚು ಬರೀ ನೂರಕ್ಕೆ ಎರಡು ಜನರ ಕೈಯಿಂದ ಬಂದದ್ದು ಗೊತ್ತಾಯಿತು. ಆ ಕೆಲವರು ನಡೆದ ದಾರಿಯೇ ಭೂಪಟ. ಅವರು ರಸ್ತೆಯ ಬದಿಯಲ್ಲಿ, ರೈಲು ನಿಲ್ದಾಣದ ಹತ್ತಿರ, ತಂಗುವ ಬಂಗಲೆಯ ಆಸುಪಾಸಿನಲ್ಲಿ ಹೆಚ್ಚು ಗಿಡ ಕಿತ್ತರೆ ಭೂಪಟದ ಚುಕ್ಕೆಗಳೂ ಅಲ್ಲಲ್ಲೇ ಗುಂಪುಗೂಡುತ್ತವೆ. ಚುಕ್ಕೆಯಿಲ್ಲದ ಕಡೆ ಗಿಡವಿಲ್ಲ ಎಂದಲ್ಲ, ಅಲ್ಲಿಗೆ ಕಾಗದ ಹಿಡಿದವರು ಹೋಗಿಲ್ಲ ಎಂದಷ್ಟೇ ಅರ್ಥ.

ಕಳೆಗಿಡದ ಹಾಳೆಯಿಂದ ಏನು ಪ್ರಯೋಜನ ಎಂದು ಕೇಳುವವರಿಗೆ ಕಾಂಗ್ರೆಸ್ ಗಿಡದ ಪ್ರಸಂಗ ಹೇಳಬೇಕು. ಪುಣೆಯಲ್ಲಿ 1955ರಲ್ಲಿ ಕಂಡ ಆ ಗಿಡವನ್ನು 1956ರಲ್ಲಿ ಆರ್.ಎಸ್. ರಾವ್ ಭಾರತಕ್ಕೆ ಹೊಸದೆಂದು ವರದಿ ಮಾಡಿದರು. ಅಮೆರಿಕದಿಂದ ಪಿಎಲ್-480 ಒಪ್ಪಂದದಲ್ಲಿ ಬಂದ ಗೋಧಿಯ ಜೊತೆ ಬೀಜ ಬಂತು ಎಂಬ ಮಾತು ಮನೆಮಾತಾಯಿತು. ಮುಂದೆ ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯ ಹರ್ಬೇರಿಯಂನಲ್ಲಿ ಹಳೆಯ ಹಾಳೆಯೊಂದು ಕಣ್ಣಿಗೆ ಬಿತ್ತು. ಡೀಟ್ರಿಕ್ ಬ್ರಾಂಡಿಸ್ ಸಂಗ್ರಹಿಸಿದ್ದು, ಇಸವಿ 1880. ಅದಕ್ಕೂ ಹಿಂದೆ 1814ರಲ್ಲಿ ಕಲ್ಕತ್ತೆಯ ಸಸ್ಯೋದ್ಯಾನದ ಪಟ್ಟಿಯಲ್ಲೂ ಅದರ ಹೆಸರಿತ್ತು. ಒಂದು ಹಾಳೆ ಚರಿತ್ರೆಯನ್ನು 76 ವರ್ಷ ಹಿಂದಕ್ಕೆ ತಳ್ಳಿತು. ಗೋಧಿಯ ಜೊತೆ ಬೀಜ ಬರಲಿಲ್ಲ ಎಂದು ಇದರಿಂದ ಸಾಬೀತಾಗುವುದಿಲ್ಲ, ಆದರೆ ಮೊದಲು ಬಂದದ್ದು ಆಗ ಎನ್ನುವ ಮಾತು ಬಿದ್ದುಹೋಯಿತು. ಕರ್ನಾಟಕ ಸರ್ಕಾರ 1975ರಲ್ಲಿ ಈ ಗಿಡವನ್ನು ಅಪಾಯಕಾರಿ ಕಳೆಯೆಂದು ಘೋಷಿಸಿತು. 1984ರಲ್ಲಿ ಅದನ್ನು ತಿನ್ನಲೆಂದು ಮೆಕ್ಸಿಕೋದ ಜೀರುಂಡೆಯನ್ನು ಬೆಂಗಳೂರಿನಲ್ಲಿ ಬಿಟ್ಟರು. ಇಷ್ಟು ದುಡ್ಡು, ಇಷ್ಟು ದುಡಿಮೆ ಬೇಡಿದ ಗಿಡದ ಆರಂಭದ ಕಥೆಗೆ ಆಧಾರವೆಂದು ಸಿಕ್ಕಿದ್ದು ಒಂದು ಹಾಳೆ.

ಒಣಗಿದ ಎಲೆ ಇನ್ನೂ ಏನೇನು ಹೇಳುತ್ತದೆ ಎಂಬುದಕ್ಕೆ ಎರಡು ಉದಾಹರಣೆ ಸಾಕು. ಬಾಸ್ಟನ್ನಿನ ಅರ್ನಾಲ್ಡ್ ಆರ್ಬೊರೇಟಮ್‌ನಲ್ಲಿ 1885ರಿಂದ 2002ರವರೆಗೆ ಹೂವಿನ ಸಮೇತ ಒತ್ತಿದ್ದ 372 ಹಾಳೆಗಳ ತಾರೀಕುಗಳನ್ನು 2004ರಲ್ಲಿ ಪ್ರಕಟವಾದ ಅಧ್ಯಯನವೊಂದು ಜೋಡಿಸಿ ನೋಡಿತು. 1900ರಿಂದ 1920ರ ನಡುವಿಗೆ ಹೋಲಿಸಿದರೆ 1980ರ ನಂತರ ಹೂ ಬಿಡುವುದು ಸರಾಸರಿ ಎಂಟು ದಿನ ಮುಂಚೆಯಾಗಿತ್ತು. ಭೂಮಿ ಬಿಸಿಯಾಗುತ್ತಿದೆ ಎಂದು 372 ಹಾಳೆಗಳು ಹೇಳಿದವು, ಒತ್ತಿದವರಿಗೆ ಅದರ ಕಲ್ಪನೆಯೂ ಇರಲಿಲ್ಲ.

ಎರಡನೆಯದು ಕೇಂಬ್ರಿಜ್‌ನದು. ಇಯಾನ್ ವುಡ್‌ವರ್ಡ್ 1987ರಲ್ಲಿ ಅಲ್ಲಿನ ಹರ್ಬೇರಿಯಂನ ಮರಗಳ ಎಲೆಗಳನ್ನು ಸೂಕ್ಷ್ಮದರ್ಶಕದಡಿ ಇಟ್ಟು ಎಲೆ ಉಸಿರಾಡುವ ರಂಧ್ರಗಳನ್ನು ಎಣಿಸಿದರು. ಇನ್ನೂರು ವರ್ಷದಲ್ಲಿ ಅವುಗಳ ದಟ್ಟಣೆ ನೂರಕ್ಕೆ 40ರಷ್ಟು ಇಳಿದಿತ್ತು. ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಿದಷ್ಟೂ ಎಲೆಗೆ ಕಡಿಮೆ ಬಾಯಿ ಸಾಕು. ಹಳೆಯ ಗಾಳಿ ಎಂದೋ ಚದುರಿಹೋಗಿದೆ, ಅದರ ಲೆಕ್ಕ ಎಲೆಯಲ್ಲಿ ಉಳಿದಿದೆ.

ಈಗ ಎಲ್ಲರ ಕೈಯಲ್ಲೂ ಮೊಬೈಲ್ ಇದೆಯಲ್ಲ, ಫೋಟೋ ಸಾಲದೇ ಎಂಬ ಪ್ರಶ್ನೆ ಸಹಜ. ಫೋಟೋಗಳ ರಾಶಿ ನಿಜಕ್ಕೂ ದೊಡ್ಡದು. ಜಗತ್ತಿನ ಜೀವಿಗಳ ದಾಖಲೆಗಳನ್ನು ಒಂದೆಡೆ ಸೇರಿಸುವ ಜಿಬಿಐಎಫ್ ಜಾಲದಲ್ಲಿ ದಾಖಲೆಗಳ ಸಂಖ್ಯೆ 200 ಕೋಟಿ ದಾಟಿ ವರ್ಷಗಳಾದವು. ನಮ್ಮಲ್ಲೇ 2008ರಲ್ಲಿ ಶುರುವಾದ ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್ ಇದೆ. ಗಿಡ ಎಲ್ಲಿದೆ ಎಂದು ತಿಳಿಯಲು ಫೋಟೋ ಒಳ್ಳೆಯ ಸಾಕ್ಷಿ. ಆದರೆ ಫೋಟೋದಿಂದ ಡಿಎನ್ಎ ತೆಗೆಯಲು ಬರುವುದಿಲ್ಲ, ರಂಧ್ರ ಎಣಿಸಲು ಬರುವುದಿಲ್ಲ, ಹೆಸರು ತಪ್ಪಾಗಿದ್ದರೆ ಕಾಯಿಯ ಕೂದಲು ಬಿಡಿಸಿ ನೋಡಲು ಬರುವುದಿಲ್ಲ. ಹಾಳೆಯಲ್ಲಿ ಇವೆಲ್ಲ ನೂರು ವರ್ಷದ ನಂತರವೂ ಸಾಧ್ಯ. ಇನ್ನೊಂದು ಮಾತು: ಅಪರೂಪದ ಆರ್ಕಿಡ್ ಕಂಡರೆ ಹತ್ತು ಜನ ಮೊಬೈಲ್ ತೆಗೆಯುತ್ತಾರೆ, ಕಳೆಯ ಮುಂದೆ ಯಾರೂ ಬಗ್ಗುವುದಿಲ್ಲ. ಟಾಲ್ಬಟ್ಟರ ಕಾಲದ ಪಕ್ಷಪಾತ ಮೊಬೈಲಿಗೂ ಬಂದಿದೆ.

ನಾಚಿಕೆಮುಳ್ಳನ್ನು ಒತ್ತುವುದರಲ್ಲಿ ಒಂದು ತಾಪತ್ರಯವಿದೆ. ಕತ್ತರಿ ಹಾಕಿದೊಡನೆ ಅದು ಮುನಿಸಿಕೊಳ್ಳುತ್ತದೆ. ಹಾಗೇ ಒತ್ತಿದರೆ ಹಾಳೆಯ ಮೇಲೆ ಬರುವುದು ಕಡ್ಡಿಗಳ ಕಂತೆ. ಕಿರಿಯೆಲೆ ಎಷ್ಟು ಜೊತೆ, ಆಕಾರ ಹೇಗೆ ಎಂಬುದು ಕಾಣುವುದಿಲ್ಲ. ಮುಳ್ಳು ಸಮೇತ ಕಿತ್ತ ಟೊಂಗೆಯನ್ನು ನೀರಿನಲ್ಲಿಟ್ಟು, ಹತ್ತಿಪ್ಪತ್ತು ನಿಮಿಷ ಸುಮ್ಮನಿದ್ದು, ಎಲೆ ಬಿಚ್ಚಿದ ಮೇಲೆ ಅದಕ್ಕೆ ತಿಳಿಯುವ ಮೊದಲೇ ಎಂಬಷ್ಟು ಬೇಗ ಎರಡು ಕಾಗದದ ನಡುವೆ ಅಮುಕಬೇಕು. ಮೊದಲ ಸಲ ಯಾರಿಗೂ ಸರಿಯಾಗಿ ಬರುವುದಿಲ್ಲ. ಒಂದೆರಡು ಕವಲಾದರೂ ಬಿಚ್ಚಿಕೊಂಡು ಕುಳಿತರೆ ಸಾಕು. ಹೂವಿನ ಗುಲಾಬಿ ಬಣ್ಣ ಹೇಗೂ ಉಳಿಯುವುದಿಲ್ಲ, ಕಂದಾಗುತ್ತದೆ; ಅದನ್ನು ಚೀಟಿಯಲ್ಲಿ ಬರೆದಿಡಬೇಕು.

ನಮ್ಮ ರಾಜ್ಯದಲ್ಲಿ ಇಂಥ ಕೆಲಸವನ್ನು ಅಚ್ಚುಕಟ್ಟಾಗಿ ಮಾಡಿ ತೋರಿಸಿದವರಿದ್ದಾರೆ. ಬೆಂಗಳೂರಿನ ಸೇಂಟ್ ಜೋಸೆಫ್ ಕಾಲೇಜಿನ ಫಾದರ್ ಸೆಸಿಲ್ ಸಲ್ದಾನಾ ಅಮೆರಿಕದ ಡಾನ್ ನಿಕೋಲ್ಸನ್ ಜೊತೆ 1976ರಲ್ಲಿ ಹಾಸನ ಜಿಲ್ಲೆಯ ಸಸ್ಯಕೋಶ ತಂದರು. ಆಮೇಲೆ ‘ಫ್ಲೋರಾ ಆಫ್ ಕರ್ನಾಟಕ’ದ ಎರಡು ಸಂಪುಟ, 1984 ಮತ್ತು 1996. ಅವರ ಕಾಲೇಜಿನ ಹರ್ಬೇರಿಯಂ ಇಂದು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದೆ. ಅಲ್ಲಿನವರು ಅದನ್ನು ಕಂಪ್ಯೂಟರಿಗೇರಿಸಿ ಕರ್ನಾಟಕದ ಸಸ್ಯಗಳ ವಿವರವನ್ನು ಯಾರು ಬೇಕಾದರೂ ನೋಡುವಂತೆ ಮಾಡಿದ್ದಾರೆ. ಒಂದು ಕಾಲೇಜಿನ ವಿಭಾಗದಿಂದ ಶುರುವಾದ ಕೆಲಸ ಇದು.

ಶಿರಸಿ, ಸಿದ್ದಾಪುರ, ಯಲ್ಲಾಪುರಗಳಿಗೆ ಬೇಕಾಗಿರುವುದು ಎಷ್ಟು? 3,500 ಚದರ ಕಿಲೋಮೀಟರನ್ನು ಹತ್ತು ಕಿಲೋಮೀಟರ್ ಉದ್ದ, ಹತ್ತು ಕಿಲೋಮೀಟರ್ ಅಗಲದ ಚೌಕಗಳಾಗಿ ಕತ್ತರಿಸಿದರೆ 35 ಚೌಕ. ಚೌಕಕ್ಕೊಂದು ನಾಚಿಕೆಮುಳ್ಳಿನ ಹಾಳೆ ಎಂದರೆ 35 ಹಾಳೆ, ಮೂರೂವರೆ ಸೆಂಟಿಮೀಟರ್. ಅಜೆರೇಟಮ್, ಯುಪಟೋರಿಯಂ, ಕಾಂಗ್ರೆಸ್ ಗಿಡ, ಲಂಟಾನ, ತುಂಬೆ ಎಂದು ಇಪ್ಪತ್ತು ಗಿಡ ಆರಿಸಿಕೊಂಡರೂ 700 ಹಾಳೆ. ಒಂದು ಸ್ಟೀಲ್ ಕಪಾಟು ಮುಕ್ಕಾಲು ಖಾಲಿಯೇ ಉಳಿಯುತ್ತದೆ. ಹತ್ತು ವರ್ಷಕ್ಕೊಮ್ಮೆ ಇದನ್ನೇ ಮತ್ತೆ ಮಾಡಿದರೆ ಯಾವ ಕಳೆ ಯಾವ ಕಡೆಯಿಂದ ನುಗ್ಗುತ್ತಿದೆ, ಮೂಡಣದ ಒಣಸೀಮೆಯದು ಪಡುವಣದ ಮಳೆಸೀಮೆಗೆ ಹೊಕ್ಕಿತೇ, ಯಾವುದು ಹಿಂದೆ ಸರಿಯಿತು ಎಂದು ಊಹೆಯಿಲ್ಲದೆ ಹೇಳಬಹುದು. ಘಟ್ಟದ ಮೇಲೆ ಪದವಿ ಕಾಲೇಜುಗಳಿವೆ, ಸಸ್ಯಶಾಸ್ತ್ರ ಓದುವ ಮಕ್ಕಳಿದ್ದಾರೆ, ಶಿರಸಿಯಲ್ಲಿ 1985ರಿಂದ ಅರಣ್ಯ ಮಹಾವಿದ್ಯಾಲಯವೇ ಇದೆ. ವಿದ್ಯಾರ್ಥಿಗಳು ಪರೀಕ್ಷೆಯ ಅಂಕಕ್ಕೆಂದು ಹರ್ಬೇರಿಯಂ ಹಾಳೆ ಮಾಡುತ್ತಲೇ ಇರುತ್ತಾರೆ. ಅಂಕ ಬಂದ ಮೇಲೆ ಅವು ಏನಾಗುತ್ತವೆ ಎಂಬುದು ಕಾಲೇಜಿನ ಮೆಟ್ಟಿಲು ಹತ್ತಿದವರಿಗೆಲ್ಲ ಗೊತ್ತು.

ಆ ಹಾಳೆಗಳನ್ನು ರದ್ದಿಗೆ ಹಾಕಬೇಡಿ. ಈ ವರ್ಷದಿಂದ ಪ್ರತಿ ವಿದ್ಯಾರ್ಥಿಯೂ ತನ್ನ ಊರಿನ ಒಂದು ಕಳೆಯನ್ನು ತರಲಿ. ಚೀಟಿಯಲ್ಲಿ ‘ಶಿರಸಿ’ ಎಂದು ಬರೆದು ಬಿಡದೆ ಹಳ್ಳಿಯ ಹೆಸರು, ಬೇಣವೋ ಗದ್ದೆಯೋ ರಸ್ತೆಯೋ, ದಿನ, ತಿಂಗಳು, ಇಸವಿ ಬರೆಯಲಿ. ‘ಎಲ್ಲೆಡೆ ಸಾಮಾನ್ಯ’ ಎಂದು ಬರೆದವರಿಗೆ ಮಾತ್ರ ಒಂದು ಅಂಕ ಕಳೆಯಿರಿ.